ತಗ್ಗಿಸಿದ ಪಿಕಪ್‌ಗೆ ಇಪ್ಪತ್ತಿಂಚಿನ ಚಕ್ರ ಬೇಡ

ಹೈದರಾಬಾದಿನಲ್ಲಿ ಹೈಲಕ್ಸ್ ಪಿಕಪ್ ತಗ್ಗಿಸಿ ಓಡಿಸುವ ಗೆಳೆಯರಿಗೆ ನಾನು ಹೇಳುತ್ತ ಬಂದಿರುವುದು ಇಷ್ಟು: ಸಸ್ಪೆನ್ಷನ್ ಇಳಿಸಿ, ಟೈರಿನ ಹೊರವ್ಯಾಸ ಇಳಿಸಬೇಡಿ. ಇದಕ್ಕೆ ಬಂದ ಆಕ್ಷೇಪಗಳಿಗೆ ಉತ್ತರ ಕೊಡಲೇಬೇಕು.

‘ಗಾಡಿ ತಗ್ಗಿದ ಮೇಲೆ ಟೈರೂ ಚಿಕ್ಕದಾಗಬೇಕು, ಇಲ್ಲದಿದ್ದರೆ ಮಡ್‌ಗಾರ್ಡಿಗೆ ತಾಗುತ್ತದೆ’ ಎನ್ನುತ್ತಾರೆ. ತಾಗಬಹುದು, ನಿಜ. ಆದರೆ ಲೀಫ್ ಸ್ಪ್ರಿಂಗ್ ಬದಲಿಸಿದಾಗ ಇಳಿಯುವುದು ಬಾಡಿ ಮಾತ್ರ. ಹಿಂದಿನ ಆಕ್ಸಲ್ ಮತ್ತು ಅದರ ನಡುವಿನ ಡಿಫರೆನ್ಷಿಯಲ್ ಎಷ್ಟು ಎತ್ತರದಲ್ಲಿರಬೇಕೆಂದು ನಿರ್ಧರಿಸುವುದು ಟೈರು. ಹೈಲಕ್ಸ್‌ನ 265/60 ಆರ್18 ಟೈರಿನ ವ್ಯಾಸ ಸುಮಾರು 775 ಮಿ.ಮೀ.; ನೀವು ಮೆಚ್ಚಿದ 275/40 ಆರ್20 ಬರೀ 728. ಡಿಫರೆನ್ಷಿಯಲ್ ನೆಲಕ್ಕೆ 23 ಮಿ.ಮೀ.ಗಿಂತ ಹೆಚ್ಚು ಹತ್ತಿರ ಬಂತು. ರಸ್ತೆ ಉಬ್ಬಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಎತ್ತರ 10 ಸೆಂ.ಮೀ.; ನಮ್ಮ ಕಾಲೋನಿ ಗಲ್ಲಿಗಳಲ್ಲಿ ಅದನ್ನು ಮೀರಿದವು ಬೇಕಾದಷ್ಟಿವೆ. ಟೈರಿನ ಪಕ್ಕದ ಗೋಡೆಯನ್ನೂ ನೋಡಿ: 159 ಮಿ.ಮೀ. ಇದ್ದದ್ದು 110ಕ್ಕೆ ಇಳಿಯಿತು. ಮಳೆಗಾಲದಲ್ಲಿ ಟೋಲಿಚೌಕಿಯ ನೀರಿನಡಿಯ ಗುಂಡಿಗೆ ಇಳಿದಾಗ ಏಟು ತಿನ್ನುವುದು ರಿಮ್ಮೇ. ಸ್ಪೀಡೋಮೀಟರ್ ಸುಮಾರು ಶೇ. 6ರಷ್ಟು ಹೆಚ್ಚು ತೋರಿಸುವುದು ಇದರ ಮುಂದೆ ಸಣ್ಣ ಸಂಗತಿ.

ತಾಗಿದರೆ ಏನು ಮಾಡುವುದು? ಮೊದಲು ತಗ್ಗಿಸಿದ್ದನ್ನು ಒಂದಿಷ್ಟು ಏರಿಸಿ. ಅದೂ ಆಗದಿದ್ದರೆ 255/60 ಆರ್18ಕ್ಕೆ ಬನ್ನಿ. ವ್ಯಾಸದಲ್ಲಿ ಕಳೆದುಕೊಳ್ಳುವುದು 12 ಮಿ.ಮೀ. ಮಾತ್ರ.

‘ನಾನೇನು ಸರಕು ಹೇರುತ್ತೇನೆಯೇ?’ ಎಂಬುದು ಇನ್ನೊಂದು ವಾದ. ಮೂಲ ಟೈರಿನ ಭಾರ ಸೂಚಿ 110, ಅಂದರೆ ಟೈರೊಂದಕ್ಕೆ 1,060 ಕಿಲೋ. ಆ ಇಪ್ಪತ್ತಿಂಚಿನ ಟೈರು ಸಾಮಾನ್ಯವಾಗಿ 106ರಲ್ಲಿ ಸಿಗುತ್ತದೆ, 950 ಕಿಲೋ. ಹಿಂದಿನ ಜೋಡಿಯಲ್ಲೇ 220 ಕಿಲೋ ಹೋಯಿತು. ನಾಳೆ ಗಾಡಿ ಮಾರುತ್ತೀರಿ. ಕೊಂಡವನು ಆರ್‌ಸಿ ನೋಡಿ ಸಿಮೆಂಟು ಹೇರುತ್ತಾನೆ. ಅವನಿಗೆ ಈ ಲೆಕ್ಕ ಯಾರು ಹೇಳುತ್ತಾರೆ?

ಕಾನೂನನ್ನು ಯಾರೂ ಕೇಳುವುದಿಲ್ಲ ಎನ್ನುವವರು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ 182ಎಯನ್ನೂ ಓದಲಿ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಗಾಡಿ ತಗ್ಗಿಸುವ ಮುಂಚೆಯೇ ಆರ್‌ಟಿಒದಲ್ಲಿ ವಿಚಾರಿಸಿ, ವಿಮೆಯವರಿಗೂ ತಿಳಿಸಿ.

ಇನ್ನು ಎಲ್ಲಕ್ಕಿಂತ ಜೋರಾಗಿ ಕೇಳುವ ಮಾತು: ‘ಅಗಲ ರಿಮ್ಮು ಹೊರಗೆ ಚಾಚಿದರೇ ಗಾಡಿಗೆ ನಿಲುವು.’ ನಿಲುವಿನ ಆಸೆ ನನಗೂ ಇದೆ, ಆದರೆ ಅಳತೆ ಮಾಡಿ. ಏಳೂವರೆ ಇಂಚಿನ, 30 ಆಫ್‌ಸೆಟ್‌ನ ರಿಮ್ಮು ತೆಗೆದು ಒಂಬತ್ತಿಂಚಿನ, ಸೊನ್ನೆ ಆಫ್‌ಸೆಟ್‌ನದು ಹಾಕಿದರೆ ಹೊರ ಅಂಚು 49 ಮಿ.ಮೀ. ಆಚೆ ಹೋಗುತ್ತದೆ. ಬೇರಿಂಗ್ ಮೇಲಿನ ಸೆಳೆತ ಹೆಚ್ಚುತ್ತದೆ, ಗುಂಡಿ ಸಿಕ್ಕಾಗ ಸ್ಟೀರಿಂಗ್ ಕೈಯಿಂದ ಎಳೆಯುತ್ತದೆ, ಕೆಳಗಿಳಿದ ಮಡ್‌ಗಾರ್ಡಿನ ಅಂಚು ತಿರುವಿನಲ್ಲಿ ಟೈರನ್ನು ಕೊಯ್ಯುತ್ತದೆ. ಅಗಲವಾದ ಟೈರು ಹಿಡಿತ ಕೊಡುವುದು ಒಣ ರಸ್ತೆಯಲ್ಲಿ. ಔಟರ್ ರಿಂಗ್ ರೋಡಿನಲ್ಲಿ ಮಳೆನೀರು ನಿಂತಾಗ ಅದೇ ಬೇಗ ತೇಲುತ್ತದೆ. ಎಂಟಿಂಚಿನ, 25 ಆಫ್‌ಸೆಟ್‌ನ ರಿಮ್ಮು ಹೊರಗೆ 11, ಒಳಗೆ ಒಂದು ಮಿ.ಮೀ. ಮಾತ್ರ ಚಾಚುತ್ತದೆ. ನೋಟಕ್ಕೆ ಅಷ್ಟು ಸಾಕು. ಮೆಕ್ಯಾನಿಕ್‌ನಿಂದ ಸ್ಪ್ರಿಂಗ್ ತೆಗೆಸಿ, ಚಕ್ರವನ್ನು ಬಂಪ್ ಸ್ಟಾಪ್ ತಾಗುವವರೆಗೆ ಜ್ಯಾಕ್‌ನಿಂದ ಎತ್ತಿಸಿ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ನೋಡಿ. ಎಲ್ಲೂ ತಾಗದಿದ್ದರೆ ಆಮೇಲೆ ರಾಣಿಗಂಜ್‌ನ ಅಂಗಡಿಗೆ ಹೋಗಿ ರಿಮ್ಮಿಗೆ ಹಣ ಕೊಡಿ. ಬೋಲ್ಟ್ ವೃತ್ತ 139.7, ನಡುರಂಧ್ರ 106.1 ಮಿ.ಮೀ. ಹೊಂದಬೇಕು, ರಿಮ್ಮಿನ ಒಳಮೈಯಲ್ಲಿ ಭಾರದ ಮಿತಿ ಅಚ್ಚೊತ್ತಿರಬೇಕು. ಆ ಅಚ್ಚಿಲ್ಲದ ರಿಮ್ಮು ಎಷ್ಟೇ ಅಗ್ಗವಾದರೂ ಅಂಗಡಿಯಲ್ಲೇ ಬಿಟ್ಟು ಬನ್ನಿ.