ಮಾತು ಬಾರದ ಮಗುವೂ ‘ಬೇಡ’ ಎನ್ನುತ್ತದೆ

ಆಟಿಸಂ ಇರುವ ಮಗುವಿಗೆ ವರ್ತನಾ ಚಿಕಿತ್ಸೆ ಶುರು ಮಾಡುವ ಮೊದಲು ತಂದೆಯೋ ತಾಯಿಯೋ ಕಾಗದಕ್ಕೆ ಸಹಿ ಹಾಕುತ್ತಾರೆ. ಅದು ಪೋಷಕರ ಒಪ್ಪಿಗೆ. ಪ್ರತಿ ಪಾಠದಲ್ಲೂ ಮಗು ತನ್ನ ಮೈಯಿಂದ, ಮುಖದಿಂದ ತೋರುವ ‘ಹೂಂ’ ಬೇರೆ. ಅದು ಮಗುವಿನ ಸಮ್ಮತಿ. ಸಹಿ ಇದೆಯೆಂದು ಸಮ್ಮತಿಯನ್ನು ಮರೆಯಬಾರದು.

ಸಿಂಧನೂರು, ಲಿಂಗಸುಗೂರು, ಮಸ್ಕಿಯಿಂದ ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ರಾಯಚೂರಿಗೆ ಮಗುವನ್ನು ಕರೆದೊಯ್ಯುವ ತಾಯಿಯ ಕಷ್ಟ ನನಗೆ ಗೊತ್ತು. ಅಷ್ಟು ದೂರ ಬಂದ ಮೇಲೆ ಮಗು ಕೂತು ಕಲಿಯಲಿ ಎನಿಸುವುದು ಸಹಜ. ಆದರೆ ಕೈಕಾಲು ಹಿಡಿದು ಕೂರಿಸಿದ ಮಗು ಕಲಿಯುವುದು ಅಕ್ಷರವನ್ನಲ್ಲ, ಭಯವನ್ನು. ಯುನಾನಿಯ ಹಿರಿಯ ಹಕೀಮರು ಆರೋಗ್ಯಕ್ಕೆ ಅಗತ್ಯವೆಂದ ಆರು ಸಂಗತಿಗಳಲ್ಲಿ ಗಾಳಿ, ಅನ್ನ-ನೀರು, ನಿದ್ದೆಯ ಜೊತೆಗೆ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯನ್ನೂ ಸೇರಿಸಿದ್ದಾರೆ.

ಸಮ್ಮತಿ ಗುರುತಿಸುವುದು ಹೇಗೆ? ಮಗು ತಾನೇ ಬಂದು ಕೂರುತ್ತದೆ, ಆಟಿಕೆಗೆ ಕೈ ಚಾಚುತ್ತದೆ, ಮೈ ಸಡಿಲವಾಗಿರುತ್ತದೆ. ಸಮ್ಮತಿ ಹಿಂದೆಗೆದುಕೊಂಡಾಗ ಮುಖ ತಿರುಗಿಸುತ್ತದೆ, ಕಾರ್ಡು ದೂಡುತ್ತದೆ, ಬಾಗಿಲ ಕಡೆ ನೋಡುತ್ತದೆ, ಮೈ ಬಿಗಿಯುತ್ತದೆ. ಈ ಸಣ್ಣ ‘ಬೇಡ’ಗಳನ್ನು ಯಾರೂ ಕೇಳದಿದ್ದಾಗಲೇ ಎಷ್ಟೋ ಸಲ ಚೀರಾಟ, ಕಚ್ಚುವುದು ಶುರುವಾಗುತ್ತದೆ. ನಾವು ಅದನ್ನು ‘ಹಟ’ ಎನ್ನುತ್ತೇವೆ. ಸುಮ್ಮನೆ ಹೇಳಿದ್ದೆಲ್ಲ ಮಾಡುವ ಮಗು ಒಪ್ಪಿದೆ ಎಂದೂ ತಿಳಿಯಬೇಡಿ. ಹೆದರಿದ ಮಗುವೂ ಸುಮ್ಮನಿರುತ್ತದೆ.

‘ಬೇಡ ಎಂದಾಗಲೆಲ್ಲ ಬಿಟ್ಟರೆ ಕಲಿಯುವುದು ಯಾವಾಗ?’ ಎಂದು ನೀವು ಕೇಳಬಹುದು. ರಸ್ತೆಗೆ ಓಡುವ ಮಗುವನ್ನು ಹಿಡಿಯಲೇಬೇಕು, ಲಸಿಕೆ ಹಾಕಿಸಲೇಬೇಕು. ಅಲ್ಲಿ ಪ್ರಾಣದ ಪ್ರಶ್ನೆ ಇದೆ. ಬಣ್ಣ ಗುರುತಿಸುವ ಪಾಠಕ್ಕೆ ಆ ಅವಸರವಿಲ್ಲ. ನಿಲ್ಲಿಸುವುದೆಂದರೆ ಕೈಬಿಡುವುದಲ್ಲ. ಸ್ವಲ್ಪ ವಿರಾಮ ಕೊಡಿ, ಪಾಠ ಸುಲಭ ಮಾಡಿ, ಹಸಿವೋ ಹೊಟ್ಟೆನೋವೋ ಹಲ್ಲುನೋವೋ ಇದೆಯೇ ನೋಡಿ, ಮತ್ತೆ ಕರೆಯಿರಿ.

ಕಾನೂನೂ ಇದನ್ನೇ ಹೇಳುತ್ತದೆ. ಆಟಿಸಂ ಅನ್ನೂ ಒಳಗೊಂಡ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 4ನೇ ಕಲಂ ಪ್ರಕಾರ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಅಂಗವಿಕಲ ಮಗುವಿಗೂ ಇದೆ. ವರ್ತನಾ ಚಿಕಿತ್ಸಕರಿಗೆ ಪ್ರಮಾಣಪತ್ರ ನೀಡುವ ಅಮೆರಿಕದ ಮಂಡಳಿಯ ನೀತಿಸಂಹಿತೆ 2022ರಿಂದ ಜಾರಿಯಲ್ಲಿದ್ದು, ಅದರಲ್ಲೂ ಪೋಷಕರ ಒಪ್ಪಿಗೆಯ ಜೊತೆಗೆ, ಅನ್ವಯಿಸುವಲ್ಲಿ, ಮಗುವಿನ ಸಮ್ಮತಿಯ ಮಾತಿದೆ.

ಎಲ್ಲಕ್ಕಿಂತ ದೊಡ್ಡ ಕಾರಣ ಮಗುವಿನ ಸುರಕ್ಷತೆ. ದೊಡ್ಡವರು ಮೈ ಮುಟ್ಟಿದಾಗ ‘ಬೇಡ’ ಎನ್ನಬಾರದು ಎಂದು ಚಿಕಿತ್ಸೆಯಲ್ಲೇ ಕಲಿತ ಮಗು, ನಾಳೆ ಕೆಟ್ಟ ಕೈ ಮುಟ್ಟಿದಾಗಲೂ ಬಾಯಿ ಬಿಡುವುದಿಲ್ಲ.

ಆದ್ದರಿಂದ ಮಗುವನ್ನು ಸೇರಿಸುವ ಮೊದಲು ಚಿಕಿತ್ಸಕರನ್ನು ಮೂರು ಮಾತು ಕೇಳಿ. ನನ್ನ ಮಗು ಬೇಡವೆನ್ನುವುದನ್ನು ಹೇಗೆ ಗುರುತಿಸುತ್ತೀರಿ? ಆಗ ಏನು ಮಾಡುತ್ತೀರಿ? ನಾನು ಒಳಗೆ ಕೂತು ನೋಡಬಹುದೇ? ಕೈಸನ್ನೆಯಿಂದಲೋ ಚಿತ್ರದಿಂದಲೋ ‘ಸಾಕು’ ಎಂದು ಹೇಳುವುದನ್ನೇ ಮಗುವಿಗೆ ಮೊದಲ ಪಾಠವಾಗಿ ಕಲಿಸಲು ಹೇಳಿ. ಮನೆಯಲ್ಲೂ ಆ ‘ಸಾಕು’ವಿಗೆ ಬೆಲೆ ಕೊಡಿ.