ಸೋತ ಮಾತು, ಉಳಿದ ಮಾತು

ಹೊರನಾಡ ಕನ್ನಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಸಂಸದರಿಗೆ, ಶಾಸಕರಿಗೆ ಶಾಲು ಹೊದಿಸಿ, ಫಲಪುಷ್ಪ, ಸ್ಮರಣಿಕೆ ನೀಡಿ ಗೌರವಿಸುವುದು ರೂಢಿ. ಆಗ ಓದುವ ಸನ್ಮಾನಪತ್ರದಲ್ಲಿ ಹುಟ್ಟೂರು, ಗೆದ್ದ ಚುನಾವಣೆ, ಮಂಜೂರು ಮಾಡಿಸಿದ ರಸ್ತೆ, ಅನುದಾನ ಕೊಡಿಸಿದ ಸಭಾಭವನ ಎಲ್ಲವೂ ಬರುತ್ತವೆ. ಸದನದಲ್ಲಿ ಅವರು ಯಾವ ವಿಷಯದ ಮೇಲೆ ಏನು ಮಾತನಾಡಿದರು ಎಂಬ ಒಂದು ಸಾಲು ಮಾತ್ರ ಕಾಣುವುದು ಅಪರೂಪ. ಪ್ರತಿನಿಧಿಯನ್ನು ಸದನಕ್ಕೆ ಕಳುಹಿಸುವುದು ಮೊದಲಾಗಿ ಮಾತನಾಡಲು, ಪ್ರಶ್ನಿಸಲು ಎಂಬುದು ಮರೆತೇಹೋದಂತಿದೆ. ಇಂಥ ಹೊತ್ತಿನಲ್ಲಿ ನೆನೆಯಬೇಕಾದ ಹೆಸರೊಂದು ಕರಾವಳಿಯದೇ ಆಗಿದೆ. ಮಂಗಳೂರಿನಲ್ಲಿ ಹುಟ್ಟಿ, ನರ್ಮದಾ ತೀರದ ಮತದಾರರಿಂದ ಆರಿಸಿ ಬಂದು, ದೇಶದ ಸಂಸದೀಯ ಚರ್ಚೆಯಲ್ಲಿ ಅಚ್ಚಳಿಯದ ಗುರುತು ಬಿಟ್ಟುಹೋದ ಹರಿ ವಿಷ್ಣು ಕಾಮತ್ ಅವರ ಹೆಸರು ಅದು.

1907ರ ಜುಲೈ 13ರಂದು ಜನಿಸಿದ ಕಾಮತ್ ಐ.ಸಿ.ಎಸ್. ಅಧಿಕಾರಿಯಾಗಿದ್ದವರು. ಬ್ರಿಟಿಷರ ಕಾಲದಲ್ಲಿ ಅದಕ್ಕಿಂತ ದೊಡ್ಡ ನೌಕರಿ ಭಾರತೀಯನೊಬ್ಬನಿಗೆ ಇರಲಿಲ್ಲ. 1938ರಲ್ಲಿ ಅದಕ್ಕೆ ರಾಜೀನಾಮೆ ಕೊಟ್ಟು ಸುಭಾಷಚಂದ್ರ ಬೋಸರ ಜೊತೆ ಹೋದರು, ಜೈಲು ಕಂಡರು. ಮಧ್ಯ ಪ್ರಾಂತ್ಯದಿಂದ ಸಂವಿಧಾನ ರಚನಾ ಸಭೆಯ ಸದಸ್ಯರಾದರು. ಮೊದಲ ಮಹಾಚುನಾವಣೆಯಲ್ಲಿ ಈಗ ನರ್ಮದಾಪುರಂ ಎಂದು ಹೆಸರಾಗಿರುವ ಹೋಶಂಗಾಬಾದ್‌ನಿಂದ ಸ್ಪರ್ಧಿಸಿ ಕೇವಲ 174 ಮತಗಳಿಂದ ಸೋತರು. ಕಾಮತ್ ಸುಮ್ಮನಾಗಲಿಲ್ಲ. ಸರಿಯಾದ ಗುರುತಿಲ್ಲದ 301 ಮತಪತ್ರಗಳನ್ನು ಎಣಿಕೆಗೆ ಸೇರಿಸಿದ್ದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 1954ರ ಡಿಸೆಂಬರ್‌ನಲ್ಲಿ ಆ ಚುನಾವಣೆಯೇ ಅಸಿಂಧುವೆಂದು ತೀರ್ಪು ಬಂತು. ಮತ್ತೆ ನಡೆದ ಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಬಂದರು. ಚುನಾವಣಾ ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಆ ತೀರ್ಪನ್ನು ಓದುತ್ತಾರೆ.

ಆದರೆ ಕಾಮತ್ ಅವರ ನಿಜವಾದ ಆಸ್ತಿ ಇರುವುದು ಸಂವಿಧಾನ ರಚನಾ ಸಭೆಯ ಚರ್ಚೆಗಳ ಸಂಪುಟಗಳಲ್ಲಿ. 1949ರ ಆಗಸ್ಟ್‌ನಲ್ಲಿ ತುರ್ತು ಪರಿಸ್ಥಿತಿಯ ವಿಧಿಗಳು ಸಭೆಯ ಮುಂದೆ ಬಂದಾಗ ಅವುಗಳನ್ನು ಅತ್ಯಂತ ಕಟುವಾಗಿ ವಿರೋಧಿಸಿದವರು ಅವರು. ಪ್ರಜಾಸತ್ತೆಯಿರುವ ದೇಶಗಳ ಸಂವಿಧಾನಗಳನ್ನೆಲ್ಲ ಹುಡುಕಿದರೂ ಇಷ್ಟು ವಿಶಾಲವಾದ ಅಧಿಕಾರ ಎಲ್ಲಿಯೂ ಕಾಣಲಿಲ್ಲ ಎಂದು ಅವರು ಹೇಳಿದರು. ಹತ್ತಿರದ ಹೋಲಿಕೆ ಸಿಗುವುದು ಜರ್ಮನಿಯ ವೈಮರ್ ಸಂವಿಧಾನದಲ್ಲಿ. ಅಲ್ಲಿ ಅದೇ ಬಗೆಯ ವಿಧಿಯನ್ನು ಬಳಸಿಕೊಂಡೇ ಹಿಟ್ಲರ್ ಆ ಸಂವಿಧಾನವನ್ನು ಮುಗಿಸಿದ ಎಂದು ಎಚ್ಚರಿಸಿದರು. ಸರ್ವಾಧಿಕಾರಕ್ಕೆ, ಪೊಲೀಸ್ ರಾಜ್ಯಕ್ಕೆ ಈ ಒಂದೇ ಅಧ್ಯಾಯ ಬುನಾದಿಯಾದೀತು ಎಂಬುದು ಅವರ ಭೀತಿಯಾಗಿತ್ತು. ಪರದೇಶದ ಇತಿಹಾಸವನ್ನು ಸ್ವದೇಶದ ಕಾನೂನಿಗೆ ಹೀಗೆ ಕನ್ನಡಿಯಾಗಿ ಹಿಡಿಯಲು ವಿಸ್ತಾರವಾದ ಓದು ಬೇಕು, ಹೇಳುವ ಧೈರ್ಯವೂ ಬೇಕು.

ಎದುರು ಪಕ್ಷದವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ದೇಶ ವಿಭಜನೆಯ ಗಾಯ ಹಸಿಯಾಗಿತ್ತು. ನಿರಾಶ್ರಿತರ ಶಿಬಿರಗಳು ತುಂಬಿದ್ದವು. ಕಾಶ್ಮೀರದಲ್ಲಿ ಯುದ್ಧ ನಿಂತು ಕೆಲವೇ ತಿಂಗಳಾಗಿತ್ತು. ತೆಲಂಗಾಣದಲ್ಲಿ ಸಶಸ್ತ್ರ ಹೋರಾಟ ನಡೆದಿತ್ತು. ಹೊಸ ರಾಷ್ಟ್ರ ಒಡೆದುಹೋಗದಂತೆ ಕೇಂದ್ರದ ಕೈಯಲ್ಲಿ ಬಲವಿರಬೇಕೆಂದು ಹಿರಿಯರು ಬಯಸಿದ್ದು ಸಹಜ. ಸಭೆ ಆ ವಿಧಿಗಳನ್ನು ಒಪ್ಪಿತು. ಆಗಸ್ಟ್ 20ರಂದು, ತುರ್ತು ಕಾಲದಲ್ಲಿ ಪ್ರಜೆ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನೇ ತಡೆಯಬಲ್ಲ ವಿಧಿ, ಅಂದರೆ ಇಂದಿನ 359ನೆಯ ವಿಧಿ ಅಂಗೀಕಾರವಾದಾಗ, ಇದು ನಾಚಿಕೆಯ ದಿನ, ಭಾರತದ ಜನರನ್ನು ದೇವರೇ ಕಾಪಾಡಬೇಕು ಎಂದು ಕಾಮತ್ ನೊಂದು ನುಡಿದರು. ಆ ನುಡಿ ಕಡತಕ್ಕೆ ಸೇರಿತು.

ಸೋಲು ಅವರಿಗೆ ಹೊಸದಾಗಿರಲಿಲ್ಲ. ದೇಶದ ಹೆಸರಿನಲ್ಲಿ ಭಾರತ ಎಂಬುದು ಮೊದಲು ಬರಲಿ ಎಂಬ ಅವರ ತಿದ್ದುಪಡಿ 1949ರ ಸೆಪ್ಟೆಂಬರ್ 18ರಂದು 38-51 ಮತಗಳಿಂದ ಬಿದ್ದುಹೋಯಿತು. ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಲಿ ಎಂಬ ತಿದ್ದುಪಡಿ ಅಕ್ಟೋಬರ್ 17ರಂದು 41-68 ಮತಗಳಿಂದ ಸೋತಿತು. ಇದು ಸೋತದ್ದೇ ಒಳ್ಳೆಯದಾಯಿತು ಎನ್ನುವವರು ಇಂದಿಗೂ ಇದ್ದಾರೆ. ಕಾಮತ್ ಹೇಳಿದ್ದೆಲ್ಲವೂ ಸರಿ ಎಂದು ವಾದಿಸಬೇಕಾದ ಅಗತ್ಯವಿಲ್ಲ. ಗಮನಿಸಬೇಕಾದದ್ದು ಬೇರೆಯೇ ಇದೆ. ಅದೇ ವರ್ಷ ನವೆಂಬರ್ 25ರ ತಮ್ಮ ಪ್ರಸಿದ್ಧ ಭಾಷಣದಲ್ಲಿ ಡಾ. ಅಂಬೇಡ್ಕರ್, ಎಲ್ಲರೂ ಪಕ್ಷದ ಶಿಸ್ತಿಗೆ ತಲೆಬಾಗಿದ್ದರೆ ಸಭೆಯ ಕಲಾಪ ಸಪ್ಪೆಯಾಗುತ್ತಿತ್ತು, ಅದೃಷ್ಟಕ್ಕೆ ಕೆಲವು ಬಂಡುಕೋರರಿದ್ದರು ಎಂದರು. ಆ ಬಂಡುಕೋರರ ಪಟ್ಟಿಯಲ್ಲಿ ಅವರು ತೆಗೆದುಕೊಂಡ ಮೊದಲ ಹೆಸರು ಕಾಮತರದು. ತಮ್ಮ ಕರಡನ್ನು ಹೆಜ್ಜೆಹೆಜ್ಜೆಗೂ ಪ್ರಶ್ನಿಸಿದವರಿಗೆ ಕರಡು ಸಮಿತಿಯ ಅಧ್ಯಕ್ಷರೇ ಕೃತಜ್ಞತೆ ಹೇಳಿದ ಆ ದೊಡ್ಡತನ ಇಂದು ಎಲ್ಲಿದೆ?

ಕಾಮತರ ಭೀತಿ ಎರಡು ಹಂತಗಳಲ್ಲಿ ಪರೀಕ್ಷೆಗೆ ಒಳಗಾಯಿತು. ಮೊದಲನೆಯದು ಹೊರಗಿನ ಯುದ್ಧದಿಂದ ಬಂತು. 1962ರಲ್ಲಿ ಚೀನಾ ದಾಳಿ ಮಾಡಿದಾಗ ಅಕ್ಟೋಬರ್ 26ರಂದು ದೇಶದಲ್ಲಿ ಮೊದಲ ಬಾರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ನವೆಂಬರ್ 14ರಂದು ಲೋಕಸಭೆ ಆಕ್ರಮಣದ ವಿರುದ್ಧ ಒಮ್ಮತದ ನಿರ್ಣಯ ಕೈಗೊಂಡಿತು. ಆ ಸದನದಲ್ಲಿ ಕಾಮತ್ ಪ್ರಜಾ ಸಮಾಜವಾದಿ ಪಕ್ಷದ ಸದಸ್ಯರಾಗಿದ್ದರು. ಶತ್ರು ಗಡಿಯೊಳಗೆ ನುಗ್ಗಿರುವಾಗ ಘೋಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ನವೆಂಬರ್ 21ರಂದು ಕದನ ನಿಂತರೂ ತುರ್ತು ಪರಿಸ್ಥಿತಿ ನಿಲ್ಲಲಿಲ್ಲ. ಅದು ತೆರವಾದದ್ದು 1968ರ ಜನವರಿಯಲ್ಲಿ, ಐದು ವರ್ಷ ಕಳೆದ ಮೇಲೆ. ವಿಚಾರಣೆಯಿಲ್ಲದೆ ಬಂಧನದಲ್ಲಿದ್ದವರು ನ್ಯಾಯಾಲಯದಲ್ಲಿ ಹಕ್ಕು ಕೇಳುವಂತಿರಲಿಲ್ಲ. ವಿದೇಶ ವ್ಯವಹಾರ ಬೇರೆ, ಮನೆಯೊಳಗಿನ ವ್ಯವಹಾರ ಬೇರೆ ಎನ್ನುವುದು ಎಷ್ಟು ಸುಳ್ಳು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಎರಡನೆಯ ಹಂತದಲ್ಲಿ ಹೊರಗಿನ ಯುದ್ಧವೂ ಬೇಕಾಗಲಿಲ್ಲ. 1975ರ ಜೂನ್ 25ರಂದು ಆಂತರಿಕ ಗೊಂದಲದ ಕಾರಣ ನೀಡಿ ತುರ್ತು ಪರಿಸ್ಥಿತಿ ಹೇರಲಾಯಿತು. ಎರಡು ದಿನದಲ್ಲಿ 359ನೆಯ ವಿಧಿಯಡಿ ಆದೇಶ ಹೊರಟಿತು. 1976ರ ಏಪ್ರಿಲ್ 28ರಂದು ಜಬಲ್ಪುರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ಬಂಧಿತನಿಗೆ ಈ ಅವಧಿಯಲ್ಲಿ ನ್ಯಾಯಾಲಯದ ಬಾಗಿಲು ಮುಚ್ಚಿದೆ ಎಂದರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಇಪ್ಪತ್ತೇಳು ವರ್ಷಗಳ ಹಿಂದೆ ಸಭೆಯಲ್ಲಿ ಬಹುಮತ ಸಿಗದ ಮಾತು ಅಕ್ಷರಶಃ ನಿಜವಾಗಿತ್ತು.

1977ರಲ್ಲಿ ಹೋಶಂಗಾಬಾದ್ ಕಾಮತರನ್ನು ಮತ್ತೆ ಲೋಕಸಭೆಗೆ ಕಳುಹಿಸಿತು. ಆ ಸದನದ ಸ್ಪೀಕರ್ ಕಾರ್ಕಳ ತಾಲೂಕಿನ ಕೌಡೂರಿನವರಾದ ಕೆ.ಎಸ್. ಹೆಗ್ಡೆ. 1973ರಲ್ಲಿ ತಮ್ಮ ಜ್ಯೇಷ್ಠತೆಯನ್ನು ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ ಸರ್ವೋಚ್ಚ ನ್ಯಾಯಾಲಯಕ್ಕೆ ರಾಜೀನಾಮೆ ಕೊಟ್ಟು ಹೊರಬಂದವರು ಅವರು. ಕರಾವಳಿಯ ಈ ಇಬ್ಬರು ಇದ್ದ ಸದನವೇ 1978ರಲ್ಲಿ 44ನೆಯ ತಿದ್ದುಪಡಿಗೆ ಒಪ್ಪಿಗೆ ನೀಡಿತು. ಆಂತರಿಕ ಗೊಂದಲ ಎಂಬ ಸಡಿಲ ಪದ ಹೋಗಿ ಸಶಸ್ತ್ರ ಬಂಡಾಯ ಎಂಬ ಪದ ಬಂತು. ಸಚಿವ ಸಂಪುಟದ ಲಿಖಿತ ತೀರ್ಮಾನವಿಲ್ಲದೆ ಘೋಷಣೆ ಹೊರಡಿಸುವಂತಿಲ್ಲ ಎಂದಾಯಿತು. ಎಂಥ ತುರ್ತಿನಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತಡೆಯಲಾಗದು ಎಂದಾಯಿತು. ಕಾಮತ್ 1982ರಲ್ಲಿ ತೀರಿಕೊಂಡರು. 2017ರ ಆಗಸ್ಟ್ 24ರಂದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಜಬಲ್ಪುರ ತೀರ್ಪನ್ನೂ ತಳ್ಳಿಹಾಕಿತು.

ಸದನದಲ್ಲಿ ಸೋತ ಮಾತು ಸತ್ತುಹೋಗುವುದಿಲ್ಲ. ಅದು ಕಡತದಲ್ಲಿ ಉಳಿದು ಮುಂದಿನವರ ಕೈಗೆ ಸಿಗುತ್ತದೆ. ಆದರೆ ಆಡದೇ ಇದ್ದ ಮಾತಿಗೆ ಆ ಭಾಗ್ಯವಿಲ್ಲ. ಮೊದಲ ಲೋಕಸಭೆ 677 ದಿನ ಸೇರಿತ್ತು. 2019ರಿಂದ 2024ರವರೆಗಿನ ಹದಿನೇಳನೆಯ ಲೋಕಸಭೆ ಸೇರಿದ್ದು 274 ದಿನ. 2023ರ ಡಿಸೆಂಬರ್‌ನಲ್ಲಿ ಎರಡೂ ಸದನಗಳಿಂದ ಒಟ್ಟು 146 ಸದಸ್ಯರು ಅಮಾನತಾಗಿದ್ದರು. ದೇಶದ ಅಪರಾಧ ಕಾನೂನುಗಳನ್ನೇ ಬದಲಿಸಿದ ಮೂರು ಮಸೂದೆಗಳು ಅದೇ ಅಧಿವೇಶನದಲ್ಲಿ ಪಾಸಾದವು. ಗದ್ದಲ ಮಾಡಿ ಕಲಾಪ ಕೆಡಿಸುವವರೂ, ಚರ್ಚೆಗೆ ಕಾಲ ಕೊಡದೆ ಮಸೂದೆ ಮುಗಿಸುವವರೂ ಮುಂದಿನ ತಲೆಮಾರಿಗೆ ಒಂದೇ ಬಗೆಯ ನಷ್ಟ ಮಾಡುತ್ತಾರೆ. ಹಾಗೆ ಖಾಲಿ ಉಳಿದ ಪುಟಗಳಿಂದ ನಾಳೆ ಯಾರೂ ಏನನ್ನೂ ಎತ್ತಿ ತೋರಿಸಲಾರರು.

ಹೊರನಾಡ ಕನ್ನಡಿಗರಿಗೆ ಈ ಮಾತು ಇನ್ನೂ ಹತ್ತಿರದ್ದು. ಮುಂಬಯಿಯಲ್ಲಾಗಲಿ, ಪುಣೆ, ಚೆನ್ನೈ, ಹೈದರಾಬಾದಿನಲ್ಲಾಗಲಿ ಸಂಖ್ಯೆಯ ಬಲದಿಂದ ಕೆಲಸ ಸಾಧಿಸುವಷ್ಟು ಮಂದಿ ಅವರಿಲ್ಲ. ಕಡಿಮೆ ಸಂಖ್ಯೆಯವರಿಗೆ ಇರುವ ಬಲ ನ್ಯಾಯವಾದ ಮಾತು ಮತ್ತು ಅದನ್ನು ದಾಖಲಿಸುವ ವೇದಿಕೆ. ಭಾಷೆಯ ನಂಟಿಲ್ಲದ ಹೋಶಂಗಾಬಾದಿನ ಜನ ಮಂಗಳೂರಿನವರನ್ನು ಆರಿಸಿದಂತೆ, ಕನ್ನಡಿಗರೂ ತಮ್ಮ ಪ್ರತಿನಿಧಿಯಲ್ಲಿ ನೋಡಬೇಕಾದದ್ದು ಊರು, ಜಾತಿಗಳಿಗಿಂತ ಸದನದಲ್ಲಿ ಆತ ಮಾಡುವ ಕೆಲಸವನ್ನು.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಸಂಸತ್ತಿನ ಚರ್ಚೆಗಳು, ಕೇಳಿದ ಪ್ರಶ್ನೆಗಳು, ಬಂದ ಉತ್ತರಗಳು ಈಗ ಯಾರು ಬೇಕಾದರೂ ಓದುವಂತೆ ಅಂತರ್ಜಾಲದಲ್ಲಿವೆ. ಸಂಘದ ಯುವ ವಿಭಾಗದವರು ತಮ್ಮ ಕ್ಷೇತ್ರದ ಸಂಸದರ ಒಂದು ವರ್ಷದ ಮಾತುಗಳನ್ನು ಒಟ್ಟುಮಾಡಿ, ಕನ್ನಡದಲ್ಲಿ ಸಂಗ್ರಹಿಸಿ, ಮಾಸಿಕ ಸಭೆಯಲ್ಲಿ ಓದಬಹುದು. ಸನ್ಮಾನಪತ್ರ ಬರೆಯುವ ಕಾರ್ಯದರ್ಶಿಗಳು ಅದರಿಂದ ಒಂದು ಸಾಲು ಆರಿಸಿಕೊಳ್ಳಲಿ. ಆರಿಸಲು ಒಂದು ಸಾಲೂ ಸಿಗದಿದ್ದರೆ, ಶಾಲು ಮಡಚಿಟ್ಟು ಏಕೆಂದು ಆ ಪ್ರತಿನಿಧಿಯನ್ನೇ ಕೇಳುವುದು ಮತದಾರರ ಹಕ್ಕು.