ನಗರಪಾಲಿಕೆಯನ್ನೂ ಕಟಕಟೆಗೆ ಕರೆಯಿರಿ

ಬೆಂಗಳೂರಿನ ಬೀದಿಯಲ್ಲಿ ಬಡವನೊಬ್ಬನು ಕಾಲು ಮುರಿದುಕೊಂಡು ಬಿದ್ದರೆ ಎಲ್ಲರ ಬಾಯಿಂದಲೂ ಬರುವ ಮಾತು ಒಂದೇ: ನೋಡಿಕೊಂಡು ನಡೆಯಬೇಕಾಗಿತ್ತು. ಪೋಲೀಸಿನವರು ಹೇಳುತ್ತಾರೆ, ಕಾರಿನ ಯಜಮಾನರು ಹೇಳುತ್ತಾರೆ, ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಎಲ್ಲಿ ನಡೆಯಬೇಕಾಗಿತ್ತು ಎಂಬುದನ್ನು ಮಾತ್ರ ಇವರಲ್ಲಿ ಒಬ್ಬರೂ ಹೇಳುವುದಿಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ನ್ಯಾಯಾಲಯಕ್ಕೆ ಬಂದೇ ಇರುವುದಿಲ್ಲ. ಅವರನ್ನು ಕರೆತರುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಹೊಟ್ಟೆಪಾಡಿಗೆಂದು ಜಿಲ್ಲೆಗಳಿಂದ ರಾಜಧಾನಿಗೆ ಹೋದವರು ಬಾಡಿಗೆ ಕೋಣೆ ಹಿಡಿದು ಬದುಕುವ ಬಡಾವಣೆಗಳಲ್ಲಿ ಇಟ್ಟಮಡುವೂ ಒಂದು. ಬನಶಂಕರಿ ಮೂರನೆಯ ಹಂತ, ಕತ್ರಿಗುಪ್ಪೆ, ಹೊಸಕೆರೆಹಳ್ಳಿಗಳ ನಡುವೆ ಸಿಕ್ಕಿಕೊಂಡ ಹಳೆಯ ಹಳ್ಳಿ ಅದು. ಮಡು ಎಂದರೆ ನೀರು ನಿಂತ ಆಳವಾದ ಗುಂಡಿ ಎಂದು ನಾವು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ಪಕ್ಕದ ಬಡಾವಣೆಯ ಹೆಸರು ಚನ್ನಮ್ಮನಕೆರೆ ಅಚ್ಚುಕಟ್ಟು. ಕೆರೆಯ ನೀರು ಹರಿದು ಗದ್ದೆ ಬೆಳೆಯುತ್ತಿದ್ದ ಕಾಲದ ಹೆಸರುಗಳು ಇವು. ಗದ್ದೆಗಳು ಹೋಗಿ ಮನೆಗಳೆದ್ದವು. ಹಳ್ಳಿಯ ಗಾಡಿದಾರಿಗೇ ಡಾಂಬರು ಬಳಿದು ಮುಖ್ಯರಸ್ತೆಯೆಂದು ಹೆಸರಿಟ್ಟರು. ಮಡು ಮಾತ್ರ ರಸ್ತೆಯ ಮಧ್ಯಕ್ಕೆ ವರ್ಗವಾಯಿತು. ಮಳೆಗಾಲದಲ್ಲಿ ಹೋದವರು ಕಣ್ಣಾರೆ ಕಾಣಬಹುದು.

ಅಲ್ಲಿಂದ ಬೆಳಗಿನ ಜಾವ ಹೂವಿನ ಬುಟ್ಟಿ ಹೊತ್ತು ಕತ್ರಿಗುಪ್ಪೆಯ ಕಡೆಗೆ ನಡೆಯುವ ಒಬ್ಬ ತಾಯಿಯನ್ನು ಎಣಿಸಿಕೊಳ್ಳಿ. ಫುಟ್‌ಪಾತಿನ ಮೇಲೆ ಇಪ್ಪತ್ತು ಹೆಜ್ಜೆ ಇಡುವುದರೊಳಗೆ ವಿದ್ಯುತ್ತಿನ ಟ್ರಾನ್ಸ್‌ಫಾರ್ಮರು ಅಡ್ಡ. ಅದನ್ನು ದಾಟಿದರೆ ಮೋರಿಯ ಚಪ್ಪಡಿ ಮುರಿದು ಬಾಯ್ದೆರೆದಿದೆ. ಅದನ್ನೂ ದಾಟಿದರೆ ಸಾಲಾಗಿ ನಿಲ್ಲಿಸಿದ ಮೋಟಾರು ಸೈಕಲ್ಲುಗಳು. ಆಕೆ ರಸ್ತೆಗೆ ಇಳಿಯುತ್ತಾಳೆ. ಹಾಲಿನ ವ್ಯಾನೊಂದು ಬಂದು ಗುದ್ದುತ್ತದೆ, ತೊಡೆಯ ಮೂಳೆ ಮುರಿಯುತ್ತದೆ. ಈಗ ಕೇಳೋಣ: ಆಕೆಯನ್ನು ಆ ವ್ಯಾನಿನ ಮುಂದಕ್ಕೆ ತಳ್ಳಿದವರು ಯಾರು?

ಕಾಯಿದೆ ವ್ಯಾನನ್ನು ಬಲ್ಲದು. ಇದು ಸಣ್ಣ ವಿಷಯವಲ್ಲ, ಜನರು ಪಡೆದುಕೊಂಡ ಹಕ್ಕು ಅದು. ಬಡವನ ಗಾಯಕ್ಕೆ ಹಣ ಕೊಡಲು ಯಾರಾದರೂ ಇರಲೇಬೇಕೆಂದು 1939ರ ಮೋಟಾರು ವಾಹನ ಕಾಯಿದೆಯಲ್ಲಿ ಕಡ್ಡಾಯ ವಿಮೆಯನ್ನು ಬರೆದರು. ಅದು ಜಾರಿಗೆ ಬಂದದ್ದು 1946ರಲ್ಲಿ. ಸಿವಿಲ್ ಕೋರ್ಟಿನ ಮೆಟ್ಟಿಲು ಸವೆಸುವುದು ಬೇಡವೆಂದು 1956ರ ತಿದ್ದುಪಡಿಯಿಂದ ಪ್ರತ್ಯೇಕ ನ್ಯಾಯಮಂಡಳಿಗಳು ಬಂದವು. ತಪ್ಪು ಯಾರದೆಂದು ರುಜುವಾತು ಮಾಡದೆಯೇ ಒಂದಿಷ್ಟು ಹಣ ಸಿಗಬೇಕೆಂಬ ನಿಯಮ ಬಂದದ್ದು 1982ರಲ್ಲಿ. ಆಗ ಸಾವಿಗೆ 15,000 ರೂಪಾಯಿ, ಶಾಶ್ವತ ಊನಕ್ಕೆ 7,500. ಈಗಿನ 164ನೆಯ ಕಲಮಿನಲ್ಲಿ ಅದು ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಪೂರ್ತಿ ನಷ್ಟ ಕೇಳುವವರಿಗೆ 166ನೆಯ ಕಲಮು ಇದೆ. ಗುದ್ದಿದವನು ಸಿಗದೆ ಓಡಿಹೋದರೆ ತಹಶೀಲ್ದಾರರ ಅಥವಾ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ. 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಓಡಿಹೋದವನ ಕಾರು ಗುದ್ದಿದರೆ ಮುರಿದ ಮೂಳೆ ಇಷ್ಟು ಅಗ್ಗವಾಗುವುದು ಯಾವ ಲೆಕ್ಕದಿಂದಲೋ ಕಾಯಿದೆ ಬರೆದವರೇ ಹೇಳಬೇಕು.

ಬೆಂಗಳೂರಿನಲ್ಲಿ ಈ ಅರ್ಜಿಗಳನ್ನು ವಿಚಾರಿಸುವುದು ಲಘು ವ್ಯವಹಾರಗಳ ನ್ಯಾಯಾಲಯ. ಮುರಿದ ಕಾಲು ಲಘು ವ್ಯವಹಾರ! ಹೆಸರು ಹೇಗೂ ಇರಲಿ. ಅಲ್ಲಿ ಮೊದಲು ಕೇಳುವ ಪ್ರಶ್ನೆ, ನಿಮ್ಮ ತಿಂಗಳ ವರಮಾನವೆಷ್ಟು, ದಾಖಲೆ ಎಲ್ಲಿ ಎಂಬುದು. ಸಂಬಳದ ಚೀಟಿ ಇರುವ ಗುಮಾಸ್ತರಿಗೆ ಇದು ಸುಲಭ. ಹೂವು ಮಾರುವವಳು ಯಾವ ಚೀಟಿ ತಂದಾಳು? ಕರ್ನಾಟಕದಿಂದ ಸುಪ್ರೀಂ ಕೋರ್ಟಿನವರೆಗೆ ಹೋದ ಒಬ್ಬ ತರಕಾರಿ ವ್ಯಾಪಾರಿಯ ಮೊಕದ್ದಮೆಯನ್ನು ನಮ್ಮ ಕಾರ್ಯಕರ್ತರು ತಿಳಿದಿರಬೇಕು. 2008ರ ಅಪಘಾತದಲ್ಲಿ ಆತನ ಕಾಲು ಹೋಯಿತು. ತರಕಾರಿ ಮಾರುವವನು ಒಂದು ಕಡೆ ಕುಳಿತಿರುತ್ತಾನೆ, ಅವನಿಗೆ ಓಡಾಟ ಅಷ್ಟೇನೂ ಬೇಕಾಗಿಲ್ಲ ಎಂಬ ಅಭಿಪ್ರಾಯ ಹೈಕೋರ್ಟಿನಲ್ಲಿ ಬಂತು. ತಲೆಯ ಮೇಲೆ ಹೊತ್ತೋ ಗಾಡಿ ತಳ್ಳಿಯೋ ಒಂದು ದಿನವೂ ವ್ಯಾಪಾರ ಮಾಡಿ ನೋಡದವರಿಗೆ ಹೀಗೆ ತೋರುವುದು ಸಹಜ. ಸಗಟು ಮಾರುಕಟ್ಟೆಗೆ ಹೋಗಿ ಸರಕು ತರುವವರು ಯಾರು, ಗಾಡಿ ತಳ್ಳುವವರು ಯಾರು ಎಂದು ಕೇಳಿದ ಸುಪ್ರೀಂ ಕೋರ್ಟು 2014ರಲ್ಲಿ ಆತನ ದುಡಿಮೆಯ ನಷ್ಟವನ್ನು ನೂರಕ್ಕೆ 85 ಎಂದು ಎಣಿಸಿತು. ದಾಖಲೆಯಿಲ್ಲದಿದ್ದರೂ ತಿಂಗಳಿಗೆ 6,500 ರೂಪಾಯಿ ವರಮಾನವೆಂದು ಒಪ್ಪಿತು. ಇಂಥ ಸ್ವಂತ ದುಡಿಮೆಯವರಿಂದ ಕಾಗದ ನಿರೀಕ್ಷಿಸಕೂಡದೆಂದೂ ಹೇಳಿತು. ಆರು ವರ್ಷ ಹಿಡಿಯಿತು. ಆ ಆರು ವರ್ಷ ಒಂಟಿಕಾಲಿನ ವ್ಯಾಪಾರಿಯ ಮನೆಯಲ್ಲಿ ಒಲೆ ಹೇಗೆ ಉರಿಯಿತೆಂಬುದನ್ನು ತೀರ್ಪು ಬರೆಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಹಣ ಬಂತೆಂದೇ ಇಟ್ಟುಕೊಳ್ಳೋಣ. ಕೊಟ್ಟವರು ಯಾರು? ವಿಮಾ ಕಂಪನಿ. ಅದರ ಬೊಕ್ಕಸಕ್ಕೆ ಹಣ ಕಟ್ಟಿದವರು ವಾಹನದ ಮಾಲೀಕರು. ಟ್ರಾನ್ಸ್‌ಫಾರ್ಮರನ್ನು ಅಡ್ಡ ನಿಲ್ಲಿಸಿದವರು, ಚಪ್ಪಡಿ ಮುರಿದರೂ ತಿರುಗಿ ನೋಡದ ಇಂಜಿನಿಯರರು, ಬಿಲ್ಲು ಪಡೆದು ಕಣ್ಮರೆಯಾದ ಕಂತ್ರಾಟುದಾರರು, ರಸ್ತೆಯನ್ನೆಲ್ಲ ಕಾರುಗಳಿಗೆ ಬಿಟ್ಟುಕೊಟ್ಟು ಯೋಜನೆ ಬರೆದ ಮಹನೀಯರು, ಇವರಲ್ಲಿ ಯಾರ ಕೈಯಿಂದಲೂ ಒಂದು ಬಿಡಿಗಾಸು ಹೋಗಲಿಲ್ಲ. ಹೋಗದಿರುವುದರಿಂದಲೇ ಮರುದಿನ ಅದೇ ಚಪ್ಪಡಿಯ ಪಕ್ಕದಲ್ಲಿ ಇನ್ನೊಬ್ಬಳು ರಸ್ತೆಗೆ ಇಳಿಯುತ್ತಾಳೆ. 2023ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1 ಲಕ್ಷ 72 ಸಾವಿರಕ್ಕೂ ಮೇಲೆ. ಐವರಲ್ಲಿ ಒಬ್ಬರು ಕಾಲುನಡಿಗೆಯವರು. ಪಾಲಿಕೆಗಳ ಜಮಾಖರ್ಚಿನಲ್ಲಿ ಇವರು ಎಲ್ಲಿಯೂ ಖರ್ಚಾಗಿ ಕಾಣಿಸುವುದಿಲ್ಲ.

ದೆಹಲಿಯ ಶಾಸಕಾಂಗಕ್ಕೆ ಇದು ಹೊಳೆಯಲಿಲ್ಲವೆ? ಹೊಳೆಯಿತು, ಅರ್ಧ. 2019ರ ತಿದ್ದುಪಡಿಯಲ್ಲಿ 198ಎ ಎಂಬ ಕಲಮು ಸೇರಿಸಿದರು. ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ಸುರಕ್ಷತೆಯ ನಿಯಮ ತಪ್ಪಿ, ಅದರಿಂದ ಸಾವೋ ಊನವೋ ಆದರೆ ಅಧಿಕಾರ ಸಂಸ್ಥೆಗೆ ಅಥವಾ ಕಂತ್ರಾಟುದಾರನಿಗೆ ಜುಲ್ಮಾನೆ. ಎಷ್ಟು? ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ಆ ಲಕ್ಷವೂ ಕಾಲು ಮುರಿದವಳ ಕೈಗೆ ಬರುವುದಿಲ್ಲ, ನೇರವಾಗಿ ಅಪಘಾತ ನಿಧಿಗೆ ಸೇರುತ್ತದೆ. ಕೋಟಿಗಟ್ಟಲೆಯ ರಸ್ತೆ ಕಾಮಗಾರಿಯಲ್ಲಿ ಒಂದು ಲಕ್ಷ ಎಂದರೇನೆಂದು ಗುತ್ತಿಗೆಯ ಲೋಕವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ವಾಹನದ ಸಂಬಂಧವೇ ಇಲ್ಲದೆ ನಡೆಯುವವನು ಮೋರಿಗೆ ಬಿದ್ದರಂತೂ ನ್ಯಾಯಮಂಡಳಿಯ ಬಾಗಿಲೇ ತೆರೆಯುವುದಿಲ್ಲ. ನೋಟೀಸು, ಕೋರ್ಟು ಶುಲ್ಕ, ವರ್ಷಗಟ್ಟಲೆ ಸಿವಿಲ್ ದಾವೆ. 2023ರ ನವೆಂಬರ್ 19ರಂದು ಬೆಂಗಳೂರಿನ ಹೋಪ್ ಫಾರ್ಮ್ ಜಂಕ್ಷನ್ನಿನ ಬಳಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ವಿದ್ಯುತ್ ತಂತಿಯನ್ನು ತುಳಿದು ಒಬ್ಬ ತಾಯಿಯೂ ಆಕೆಯ ಒಂಬತ್ತು ತಿಂಗಳ ಕೂಸೂ ಸುಟ್ಟು ಸತ್ತರು. ಆಕೆ ರಸ್ತೆಗೆ ಇಳಿದಿರಲಿಲ್ಲ; ಎಲ್ಲರೂ ಉಪದೇಶ ಮಾಡುವಂತೆ ಫುಟ್‌ಪಾತಿನ ಮೇಲೆಯೇ ನಡೆದಿದ್ದಳು. ಇನ್ನೆಲ್ಲಿ ನೋಡಿಕೊಂಡು ನಡೆಯಬೇಕಾಗಿತ್ತು? ಇಂಥ ವೇಳೆ ಮಂತ್ರಿಗಳು ಬರುತ್ತಾರೆ, ಪರಿಹಾರ ಘೋಷಿಸುತ್ತಾರೆ, ಕೆಲವರನ್ನು ಅಮಾನತಿನಲ್ಲಿಡುತ್ತಾರೆ. ಪತ್ರಿಕೆಗಳಲ್ಲಿ ಗದ್ದಲವೆದ್ದಾಗ ಕೊಡುವುದು ದಯೆಯಾಯಿತು. ಇಟ್ಟಮಡುವಿನ ಮೋರಿಯಲ್ಲಿ ರಾತ್ರಿ ಕಾಲು ಮುರಿದವನಿಗೆ ಗದ್ದಲವೂ ಇಲ್ಲ, ಘೋಷಣೆಯೂ ಇಲ್ಲ.

ನ್ಯಾಯಾಲಯಗಳೂ ಈ ವಿಷಯದಲ್ಲಿ ಒಂದೇ ದಾರಿಯಲ್ಲಿ ನಡೆದಿಲ್ಲ. ದೆಹಲಿಯ ಚಾಂದನಿ ಚೌಕದಲ್ಲಿ ಎಂಬತ್ತು ವರ್ಷದ ಗಡಿಯಾರದ ಗೋಪುರ ಕುಸಿದು ಜನ ಸತ್ತಾಗ, ಗೋಪುರ ನಿಮ್ಮದು, ನೋಡಿಕೊಳ್ಳುವ ಹೊಣೆಯೂ ನಿಮ್ಮದು ಎಂದು 1966ರಲ್ಲಿ ಸುಪ್ರೀಂ ಕೋರ್ಟು ಅಲ್ಲಿನ ಪಾಲಿಕೆಗೆ ಹೇಳಿತು. ರಾಜಕೋಟೆಯಲ್ಲಿ 1975ರಲ್ಲಿ ಕಚೇರಿಗೆ ನಡೆದು ಹೋಗುತ್ತಿದ್ದವನ ಮೇಲೆ ರಸ್ತೆಬದಿಯ ಮರ ಬಿದ್ದು ಆತ ಸತ್ತನು. ಅವನ ಸಂಸಾರಕ್ಕೆ 22 ವರ್ಷದ ಮೇಲೆ, 1997ರಲ್ಲಿ, ಅದೇ ಸುಪ್ರೀಂ ಕೋರ್ಟಿನಿಂದ ಬಂದ ಉತ್ತರ: ಪಾಲಿಕೆ ಹೊಣೆಯಲ್ಲ. ಗೋಪುರಕ್ಕೆ ಒಂದು ನ್ಯಾಯ, ಮರಕ್ಕೆ ಒಂದು. ಇಂದಿಗೂ ಪಾಲಿಕೆಯ ವಕೀಲರು ಕೈಯಲ್ಲಿ ಹಿಡಿದು ಬರುವುದು ರಾಜಕೋಟೆಯ ತೀರ್ಪನ್ನೇ.

ಆದರೆ ಅದೇ 1997ರಲ್ಲಿ ಇನ್ನೊಂದು ತೀರ್ಪು ಬಂತು. ನಮ್ಮ ಕೆಲಸಕ್ಕೆ ಬೇಕಾದದ್ದು ಅದು. ಕೇರಳದಲ್ಲಿ ಕಾವಲಿಲ್ಲದ ರೈಲ್ವೆ ಗೇಟಿನಲ್ಲಿ ಬಾಡಿಗೆ ವಾಹನಕ್ಕೆ ರೈಲು ಬಡಿದು ಪ್ರಯಾಣಿಕರು ಸತ್ತಿದ್ದರು. ಮೋಟಾರು ನ್ಯಾಯಮಂಡಳಿಯಲ್ಲಿ ರೈಲ್ವೆಯನ್ನು ಪ್ರತಿವಾದಿ ಮಾಡಬಹುದೆ? ರೈಲ್ವೆ ವಾಹನದ ಮಾಲೀಕನೂ ಅಲ್ಲ, ವಿಮಾದಾರನೂ ಅಲ್ಲ. ಮಾಡಬಹುದು ಎಂದಿತು ಸುಪ್ರೀಂ ಕೋರ್ಟು. ಮೋಟಾರು ವಾಹನದ ಬಳಕೆಯಿಂದ ಅಪಘಾತವಾಗಿದ್ದರೆ, ಅದರ ಜೊತೆಯಲ್ಲಿ ನಿರ್ಲಕ್ಷ್ಯ ತೋರಿದ ಬೇರೆಯವರ ಮೇಲೂ ಅದೇ ಮಂಡಳಿ ತೀರ್ಪು ಕೊಡಬಹುದು. ರೈಲ್ವೆಗೆ ಸಲ್ಲುವ ಈ ಮಾತು ಪಾಲಿಕೆಗೆ ಏಕೆ ಸಲ್ಲದು? ಗೇಟಿಗೆ ಕಾವಲಿಡದವರು ಹೊಣೆಯಾದರೆ, ನಡೆಯಲು ದಾರಿ ಬಿಡದೆ ಹೆಂಗಸನ್ನು ವ್ಯಾನಿನ ಮುಂದೆ ಇಳಿಸಿದವರು ಹೊಣೆಯಲ್ಲವೆ?

ನಾವು ಹೇಳುವುದಿಷ್ಟೆ. ಇನ್ನು ಮುಂದೆ ಕಾಲುನಡಿಗೆಯವರ ಪರವಾಗಿ ಸಲ್ಲಿಸುವ ಅರ್ಜಿಯಲ್ಲಿ ಚಾಲಕ, ಮಾಲೀಕ, ವಿಮಾ ಕಂಪನಿಗಳ ಜೊತೆಗೆ ಪಾಲಿಕೆಯ ಆಯುಕ್ತರ ಹೆಸರೂ ಇರತಕ್ಕದ್ದು. ಟ್ರಾನ್ಸ್‌ಫಾರ್ಮರು ಅಡ್ಡವಿದ್ದಲ್ಲಿ ವಿದ್ಯುತ್ ಕಂಪನಿಯದೂ ಇರತಕ್ಕದ್ದು. ಅವರು ಆಕ್ಷೇಪಿಸುತ್ತಾರೆ. ಆಕ್ಷೇಪಿಸಲಿ, ಬರೆದು ಆಕ್ಷೇಪಿಸಲಿ. ಇಂಥ ಬೀದಿಯ ಫುಟ್‌ಪಾತು ನಮ್ಮ ಹೊಣೆಯಲ್ಲ ಎಂದು ಆಯುಕ್ತರು ಪ್ರಮಾಣಪತ್ರದಲ್ಲಿ ಬರೆದುಕೊಟ್ಟರೆ ಅದನ್ನು ನಾವು ಮನೆಮನೆಗೆ ಹಂಚುತ್ತೇವೆ.

ಪಕ್ಷದೊಳಗೇ ಕೆಲವರು ಒಂದು ಅನುಮಾನ ಎತ್ತಿದ್ದಾರೆ: ಪ್ರತಿವಾದಿಗಳು ಹೆಚ್ಚಾದಷ್ಟೂ ಬಡವಿಗೆ ಹಣ ಬರುವುದು ತಡವಾಗುವುದಿಲ್ಲವೆ, ಅವರವರೇ ಹೊಣೆಯನ್ನು ತಳ್ಳಾಡುತ್ತ ಕೂರುವುದಿಲ್ಲವೆ? ನ್ಯಾಯವಾದ ಅನುಮಾನ. ಆದರೆ ಹಲವರ ತಪ್ಪು ಕೂಡಿ ಗಾಯವಾದಾಗ ಗಾಯಗೊಂಡವರು ಪೂರ್ತಿ ಹಣವನ್ನು ಅವರಲ್ಲಿ ಯಾರೊಬ್ಬರಿಂದಲಾದರೂ ವಸೂಲು ಮಾಡಬಹುದೆಂದು 2015ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಆಕೆ ವಿಮಾ ಕಂಪನಿಯಿಂದ ತೆಗೆದುಕೊಳ್ಳಲಿ. ಪಾಲಿಕೆಯ ಪಾಲನ್ನು ಕಂಪನಿಯೇ ಬೆನ್ನುಹತ್ತಿ ಕೇಳಲಿ. ಬಡವಿಯ ನೋಟೀಸಿಗೆ ಉತ್ತರ ಕೊಡದ ಕಚೇರಿಗೆ ಕಂಪನಿಯ ವಕೀಲರು ಹೋಗಿ ಕೂತರೆ ಚಪ್ಪಡಿ ಬೇಗ ಬೀಳುತ್ತದೆ.

ಇನ್ನೊಂದು ಮಾತು ಉಳ್ಳವರ ಬಡಾವಣೆಗಳಿಂದ ಬರುತ್ತದೆ: ಫುಟ್‌ಪಾತನ್ನು ಹಾಳು ಮಾಡಿದವರು ತಳ್ಳುಗಾಡಿಯವರು, ಮೊದಲು ಅವರನ್ನು ಎಬ್ಬಿಸಿ ಎಂದು. ಬೀದಿ ವ್ಯಾಪಾರಿಗಳಿಗೆ ಜಾಗ ಗುರುತಿಸಿ ಕೊಡಬೇಕೆಂದು 2014ರ ಕಾಯಿದೆ ಪಾಲಿಕೆಗೇ ವಿಧಿಸಿದೆ. ಹೂವಿನ ಬುಟ್ಟಿಯವಳನ್ನು ಎಬ್ಬಿಸಿ ಕಾರು ನಿಲ್ಲಿಸುವವರಿಗೆ ನಮ್ಮ ಉತ್ತರ ಇಷ್ಟೇ ಸಾಕು.

ಮೇಲಿನ ನ್ಯಾಯಾಲಯಗಳೂ ಈಗ ಸ್ವಲ್ಪ ಕಣ್ತೆರೆದಿವೆ. ಕೆಟ್ಟ ರಸ್ತೆಯಿಂದ ಗಾಯಗೊಂಡವರ ಪರಿಹಾರದ ಅರ್ಜಿಯನ್ನು ಮಹಾನಗರ ಪಾಲಿಕೆ ತೆಗೆದುಕೊಳ್ಳಬೇಕು, ಅದನ್ನು ಜನರಿಗೆ ಪ್ರಚಾರ ಮಾಡಬೇಕು ಎಂದು 2019ರಲ್ಲಿ ಕರ್ನಾಟಕ ಹೈಕೋರ್ಟು ಆಜ್ಞೆ ಮಾಡಿತು. ಆ ಪ್ರಚಾರದ ತಮಟೆ ಇಟ್ಟಮಡುವಿನಲ್ಲಿ ಕೇಳಿದವರು ಇದ್ದರೆ ನಮಗೆ ಕಾಗದ ಬರೆಯಲಿ. ಅಡೆತಡೆಯಿಲ್ಲದ ಫುಟ್‌ಪಾತು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೆ ಸೇರಿದ್ದು ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇತ್ತ ಬೆಂಗಳೂರಿನ ಪಾಲಿಕೆಯಲ್ಲಿ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದು, ಅಧಿಕಾರಿಗಳ ಆಡಳಿತದಲ್ಲೇ ವರ್ಷಗಳು ಕಳೆದವು. 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಹಂಚಿದರು. ಐದರಲ್ಲಿ ಯಾವುದು ತಮ್ಮ ಮೋರಿಯ ಯಜಮಾನನೆಂದು ಹುಡುಕುವ ಕೆಲಸವೂ ಈಗ ಕಾಲು ಮುರಿದವರ ಪಾಲಿಗೆ ಬಂದಿದೆ.

ಬೆಂಗಳೂರಿನಲ್ಲಿ ಮಕ್ಕಳೋ ನೆಂಟರೋ ಇರುವ ಓದುಗರು ಮುಂದಿನದನ್ನು ಅವರಿಗೆ ಓದಿ ಹೇಳಬೇಕು. ಅಪಘಾತವಾದ ಕೂಡಲೇ ಆಸ್ಪತ್ರೆಗೆ ಸೇರಿಸಿ. 2025ರ ಮೇ 5ರ ಕೇಂದ್ರ ಯೋಜನೆಯಂತೆ ವಾಹನ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ನಗದಿಲ್ಲದೆ ದೊರೆಯಬೇಕು. 2022ರ ನಿಯಮಗಳಂತೆ ಪೋಲೀಸಿನವರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಕಳುಹಿಸತಕ್ಕದ್ದು. ಕಳುಹಿಸಿದರೇ ಎಂದು ಠಾಣೆಯಲ್ಲಿ ಕೇಳಿ, ಪ್ರತಿ ಪಡೆಯಿರಿ. ಮುರಿದ ಚಪ್ಪಡಿಯ, ಅಡ್ಡ ನಿಂತ ಕಂಬದ ಫೋಟೋವನ್ನು ಅದೇ ದಿನ ತೆಗೆಯಿರಿ, ಏಕೆಂದರೆ ಮೊಕದ್ದಮೆಯ ಸುಳಿವು ಸಿಕ್ಕ ರಾತ್ರಿಯೇ ಚಪ್ಪಡಿ ಬೀಳುವುದುಂಟು. 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವು ಹಾಕಿದ್ದಾರೆ. ಗಡುವಿನ ಪ್ರಶ್ನೆ ಇತ್ಯರ್ಥವಾಗುವ ತನಕ ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಕೂಡದೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆಜ್ಞೆ ಕೊಟ್ಟಿತು. ಅದನ್ನೇ ನಂಬಿ ಕೂರಬೇಡಿ. ಹೆಂಗಸರಿಗೆ, ಕಾರ್ಮಿಕರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ಪರಿಹಾರದ ಹಣದಲ್ಲಿ ಪಾಲು ಕೇಳುವ ದಲ್ಲಾಳಿಗಳನ್ನು ಆಸ್ಪತ್ರೆಯ ಬಾಗಿಲಲ್ಲೇ ಹಿಂದಕ್ಕೆ ಕಳುಹಿಸಿ.

ಪಾಲಿಕೆಯನ್ನು ಪ್ರತಿವಾದಿಯಾಗಿ ಸೇರಿಸಿ ಬರೆದ ಅರ್ಜಿಯ ಮಾದರಿಯನ್ನು ನಮ್ಮ ಕಚೇರಿಯಲ್ಲಿ ಇಟ್ಟಿದ್ದೇವೆ. ಆಸ್ಪತ್ರೆಯ ಕಾಗದ, ಠಾಣೆಯ ಪ್ರತಿ, ಫೋಟೋಗಳೊಂದಿಗೆ ಬಂದವರಿಗೆ ಅದನ್ನು ತುಂಬಿಕೊಡಲು ಪ್ರತಿ ಭಾನುವಾರ ಬೆಳಗ್ಗೆ ನಾವು ಅಲ್ಲಿ ಇರುತ್ತೇವೆ.